ಎಂಟು ರೀತಿಯ ಸ್ಲೈಡು, ಒಂದೇ ರೀತಿಯ ಪುಸ್ತಕ

ಒಂದು ಸ್ಲೈಡನ್ನು ಪ್ರೊಜೆಕ್ಟರಿನೊಳಗೆ ಎಂಟು ರೀತಿಯಲ್ಲಿ ಇಡಬಹುದು. ಸರಿಯಾದದ್ದು ಒಂದೇ. ಉಳಿದ ಏಳನ್ನೂ ನಾನು ತರಗತಿಯ ಮುಂದೆಯೇ ಕಲಿತೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಗಲಕೋಟೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಹೊಸ ಅಧ್ಯಾಪಕಿ ನಾನು. ಯಂತ್ರ ನನಗಿಂತ ಹೊಸದು. ಕಿಟಕಿಗೆ ಜಮಖಾನೆ ಕಟ್ಟಿ ಗುಂಡಿ ಒತ್ತಿದರೆ ಗೋಡೆಯ ಮೇಲೆ ಐಹೊಳೆಯ ಕಂಬ ಎದ್ದು ನಿಲ್ಲುತ್ತಿತ್ತು. ಗದ್ದಲದ ಹುಡುಗರೂ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಸುಮ್ಮನಾಗುತ್ತಿದ್ದರು. ಪಾಠ ಮಾತ್ರ ಪಠ್ಯಪುಸ್ತಕದ್ದೇ. ವಿಶ್ವವಿದ್ಯಾಲಯ ಗೊತ್ತುಮಾಡಿದ ಆ ದಪ್ಪ ಪುಸ್ತಕ ಓದಿಯೇ ನಾನೂ ಪಾಸಾಗಿದ್ದೆ. ಇಳಕಲ್ಲಿನವಳಾದರೂ ಐಹೊಳೆಯನ್ನು ನೋಡಿದ್ದು ಚಿಕ್ಕಂದಿನಲ್ಲಿ ಒಮ್ಮೆ. ನೆನಪಿದ್ದದ್ದು ಅಲ್ಲಿ ತಿಂದ ಹುಣಸೆಕಾಯಿ.

ಅಲ್ಲಿನ ಒಂದು ಕಂಬದ ಮೇಲೆ ಗಂಡು ಹೆಣ್ಣಿನ ಜೋಡಿಯಿದೆ. ಪುಸ್ತಕದ ಚಿತ್ರದಲ್ಲಿ ಹೆಣ್ಣು ನಮ್ಮ ಎಡಕ್ಕೆ. ಗೋಡೆಯ ಮೇಲೂ ಎಡಕ್ಕೇ. ಕಿರುಪರೀಕ್ಷೆಯಲ್ಲಿ ಇದನ್ನೇ ಕೇಳಿದಾಗ ಐಹೊಳೆಯಿಂದಲೇ ಬಂದಿದ್ದ ಶಾಂತವ್ವ ಎಂಬ ಹುಡುಗಿ ‘ಬಲಕ್ಕೆ’ ಎಂದು ಬರೆದಳು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಎರಡು ಸಾಕ್ಷಿಗಳು ಒಂದೇ ಮಾತು ಹೇಳುವಾಗ ಯಾವ ನ್ಯಾಯಾಧೀಶರು ತಡಮಾಡುತ್ತಾರೆ?

ಉತ್ತರಪತ್ರಿಕೆ ಕೊಟ್ಟ ದಿನ ಶಾಂತವ್ವ ಎದ್ದು ನಿಂತಳು.

“ಅಲ್ರಿ ಮೇಡಮ್, ಕಳೆ ತೆಗ್ಯಾಕ ಹೋದಾಗ ನಾವು ಆ ಕಂಬದ ಮುಂದ ಕುಂತ ಬುತ್ತಿ ಬಿಚ್ಚತೇವಿ. ಆಕಿ ನಮ್ಮ ಬಲಕ್ಕ ಇರತಾಳ್ರಿ.”

“ಯಾಕ ಶಾಂತಕ್ಕ, ಆಕಿಗೂ ರೊಟ್ಟಿ ಕೊಡತಿಯೇನು?” ಎಂದ ಹಿಂದಿನ ಬೆಂಚಿನವನೊಬ್ಬ.

ತರಗತಿ ನಕ್ಕಿತು. ನಾನೂ ಸ್ವಲ್ಪ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು. ಪುಸ್ತಕ ತೆರೆದು ಅವಳಿಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಹಂಗಾರ ಇನ್ನ ಮ್ಯಾಲೆ ಪುಸ್ತಕದಾಗ ಇದ್ದಂಗ ಬರೀತೇನ್ರಿ,” ಎಂದು ಕುಳಿತಳು.

ಮೇಷ್ಟರಾದವರು ಕಾಯುವುದೇ ಈ ಮಾತಿಗೆ. ಆದರೂ ನನಗೆ ಊಟ ಸೇರಲಿಲ್ಲ. ವಾದ ಮಾಡಿದ್ದರೆ ನಿಶ್ಚಿಂತೆಯಿಂದ ಇರುತ್ತಿದ್ದೆ. ಈ ಹುಡುಗಿ ತನ್ನ ಕಣ್ಣನ್ನೇ ನಂಬುವುದು ಬಿಟ್ಟರೆ, ನಾನು ಗೋಡೆಯ ಮೇಲೆ ಏನು ತೋರಿಸಿ ಏನು ಪ್ರಯೋಜನ?

ಭಾನುವಾರ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಅಮೀನಗಡದಲ್ಲಿ ಬಸ್ಸು ಬದಲಿಸಿ ಐಹೊಳೆಗೆ ಹೋದೆ.

ಅವಳು ಬಲಕ್ಕಿದ್ದಳು.

ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ಬಿಸಿಲಿಗೆ ಕಾದ ಕೆಂಪುಕಲ್ಲು, ಮುಟ್ಟಿ ಮುಟ್ಟಿ ನುಣುಪಾದ ಅವಳ ಕಾಲ್ಬೆರಳು, ಇನ್ನೇನು ಮಾತಾಡುವಳೆಂಬಂಥ ಕತ್ತಿನ ಓರೆ. ಸೊಂಟದ ಪಟ್ಟಿಯ ಕುಸುರಿ, ಮುಡಿಯ ಬಿಗಿ, ಪುಸ್ತಕ ಹೇಳಿದ್ದೆಲ್ಲ ಅಲ್ಲಿತ್ತು. ಆ ಪುಸ್ತಕ ಓದಿರದಿದ್ದರೆ ನನಗೆ ಬರೀ ಕಲ್ಲು ಕಾಣುತ್ತಿತ್ತು. ಅದು ತಪ್ಪಿದ್ದು ಒಂದೇ ಕಡೆ: ಚಿತ್ರ ಅಚ್ಚಾಗುವಾಗ ಎಡಬಲ ಅದಲುಬದಲಾಗಿತ್ತು. ನಮ್ಮ ಸ್ಲೈಡನ್ನು ಫೋಟೊ ಸ್ಟುಡಿಯೊದವರು ತೆಗೆದದ್ದು ಅದೇ ಪುಟದಿಂದ. ಅದು ನನಗೆ ಮೊದಲೇ ಗೊತ್ತಿತ್ತು! ಸಾಕ್ಷಿ ಇಬ್ಬರಲ್ಲ, ಒಬ್ಬರೇ; ಎರಡನೆಯವಳು ಕಂಬದ ಮುಂದೆ ಬುತ್ತಿ ಬಿಚ್ಚುತ್ತಿದ್ದವಳು.

ಮರುದಿನ ಬೆಳಿಗ್ಗೆ ಸ್ಲೈಡನ್ನು ಮಗುಚಿ ಇಟ್ಟೆ. ಏಳು ತಪ್ಪುಗಳಲ್ಲಿ ಒಂದು ಸರಿಯಾಯಿತು. ಶಾಂತವ್ವನ ಉತ್ತರಪತ್ರಿಕೆ ಕೇಳಿ ಪಡೆದು, ಎಲ್ಲರೆದುರು ನನ್ನ ಕೆಂಪು ಗುರುತನ್ನು ಹೊಡೆದುಹಾಕಿದೆ. ಪುಸ್ತಕವನ್ನು ಮಾತ್ರ ಹಾಗೆ ಮಗುಚಲು ಬರುವುದಿಲ್ಲ. ಅದಕ್ಕೆ ಮನೆಯಿಂದ ತಂದಿದ್ದ ಕೈಗನ್ನಡಿಯನ್ನು ಅವಳಿಗೆ ಕೊಟ್ಟು, ಆ ಪುಟದ ಪಕ್ಕ ಹಿಡಿದು ಎಲ್ಲರಿಗೂ ತೋರಿಸಲು ಹೇಳಿದೆ.