ಶೆಡ್ಡಿನ ನೆತ್ತಿ ಬಿಚ್ಚಿದ್ದು

ಮದುವೆಯಾಗಿ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಂದ ಮೇಲೆ ರೇಷ್ಮೆಗೂಡು ಬೇಯುವ ವಾಸನೆ ನನಗೆ ಬೇಗನೆ ಅಭ್ಯಾಸವಾಯಿತು. ಅಭ್ಯಾಸವಾಗದೇ ಉಳಿದದ್ದು ಹಿತ್ತಲಿನ ಶೆಡ್ಡಿನ ಸೆಕೆ. ಅಲ್ಲಿ ಮಾವನವರ ರೇಷ್ಮೆ ಬಿಚ್ಚುವ ಕೆಲಸ ನಡೆಯುತ್ತದೆ. ಸಾಲಾಗಿ ಬಿಸಿನೀರಿನ ಬೇಸಿನ್‌ಗಳು, ಅವುಗಳ ಮುಂದೆ ಹೆಂಗಸರು. ನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆ ಹಿಡಿದು ರಾಟೆಗೆ ಕೊಡುತ್ತಾ ಕೂತಿರುತ್ತಾರೆ. ಬೇಸಿನ್‌ನಿಂದ ಎದ್ದ ಹಬೆ ತಗಡಿನ ಶೀಟಿನ ಕೆಳಗೆ ಹಾಗೇ ನಿಂತುಬಿಡುತ್ತಿತ್ತು. ಬೆಳಗಿನ ತಂಪಿನಲ್ಲಿ ಅದೇ ಹಬೆ ಹನಿಯಾಗಿ, ತುಕ್ಕು ಕಲೆಸಿಕೊಂಡು ಕೆಳಗೆ ಬೀಳುತ್ತಿತ್ತು. ನೂಲು ಕಲೆಯಾಗದಿರಲೆಂದು ಮಾವ ರಾಟೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿದ್ದರು. ಹೆಂಗಸರು ತಲೆಗೆ ಸೆರಗು ಹೊದ್ದುಕೊಳ್ಳುತ್ತಿದ್ದರು.

ಫ್ಯಾನ್ ಹಾಕುವ ಹಾಗಿರಲಿಲ್ಲ. ಗಾಳಿ ಅಡ್ಡ ಬೀಸಿದರೆ ಎಳೆ ತುಂಡಾಗುತ್ತದೆ ಎನ್ನುತ್ತಿದ್ದರು ಮಾವ. ಅದು ಸುಳ್ಳಲ್ಲ. ಆದರೆ ಅದೇ ಭಯಕ್ಕೆ ಗೋಡೆಯ ಬುಡದಲ್ಲಿ ಗಾಳಿಗೆಂದು ಬಿಟ್ಟಿದ್ದ ಕಿಂಡಿಗಳಿಗೂ ಗೋಣಿಚೀಲ ತುರುಕಿಸಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಾಗಿಲಿನಿಂದ ದೂರದ ಬೇಸಿನ್ ಮುಂದೆ ಕೂರುವ ಹೆಂಗಸು ಎದ್ದು ಬಂದವಳು ಹೊಸ್ತಿಲ ಮೇಲೆ ಕುಸಿದು ಕೂತಳು. ನಮ್ಮಲ್ಲಿ ಬಹಳ ವರ್ಷಗಳಿಂದ ಇರುವವಳು. ಅತ್ತೆ ಓಡಿಹೋಗಿ ಅವಳ ತಲೆಗೆ ನೀರು ತಟ್ಟಿದರು.

"ಏಮೀ ಲೇದಮ್ಮಾ, ಏನೂ ಆಗಿಲ್ಲ. ಒಂದು ನಿಮಿಷ ಕೂತಿದ್ದು ಬರ್ತೀನಿ," ಎಂದು ಅವಳು ತೆಲುಗು ಕನ್ನಡ ಬೆರೆಸಿ ಹೇಳುತ್ತಲೇ ಇದ್ದಳು. ಅತ್ತೆ ಅವಳನ್ನು ಏಳಲು ಬಿಡಲಿಲ್ಲ. ಮಾವ ನೀರು ಕಾಯಿಸುವ ಬಾಯ್ಲರ್ ಹತ್ತಿರವೇ ನಿಂತಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಅವಳನ್ನು ಮನೆಗೆ ಕಳಿಸಲು ತಾವೇ ಆಟೋ ಕರೆತಂದರು.

ಆ ಸಂಜೆ ನಾನು ಚಿಂತಾಮಣಿಗೆ ಫೋನು ಮಾಡಿದೆ. ನನ್ನ ಅಣ್ಣ ಅಲ್ಲಿ ಛಾವಣಿ ಶೀಟಿನ ಅಂಗಡಿ ಇಟ್ಟಿದ್ದಾನೆ. ಮರುದಿನವೇ ಬಂದು ಶೆಡ್ಡಿನೊಳಗೆ ಕತ್ತೆತ್ತಿ ನಿಂತ. ನಮ್ಮ ಮನೆಮಾತು ಉರ್ದು. ಅಣ್ಣನೂ ಮಾವನೂ ಆಡಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ. ಮಾವನನ್ನು ಅಣ್ಣನೂ ಅಬ್ಬಾ ಎಂದೇ ಕರೆಯುವುದು.

"ಹಬೆ ತಾನಾಗೇ ಮೇಲಕ್ಕೆ ಹೋಗುತ್ತೆ ಅಬ್ಬಾ. ದಾರಿ ಇಲ್ದೆ ನಿಂತಿದೆ ಅಷ್ಟೆ. ಎರಡು ಕಡೆ ಶೀಟು ಸೇರೋ ನೆತ್ತೀನ ಉದ್ದಕ್ಕೂ ಬಿಚ್ಚಿ, ಒಂದಿಷ್ಟು ಎತ್ತರದಲ್ಲಿ ಇನ್ನೊಂದು ಮುಚ್ಚಳ ಕೂರಿಸ್ತೀನಿ."

"ಮಳೆ ಬಂದ್ರೆ?"

"ಮುಚ್ಚಳ ಎರಡೂ ಕಡೆ ಚಾಚಿಕೊಂಡಿರುತ್ತೆ."

"ಪಾರಿವಾಳ?"

"ಜಾಲರಿ ಹಾಕ್ತೀನಿ. ಆದ್ರೆ ಕೆಳಗಿನ ಕಿಂಡೀನೂ ತೆಗೀಬೇಕು. ಕೆಳಗಿಂದ ಗಾಳಿ ಬಂದ್ರೇನೇ ಮೇಲಿಂದು ಹೋಗೋದು."

"ಅದು ಆಮೇಲೆ ನೋಡಣ," ಎಂದರು ಮಾವ.

ಶುಕ್ರವಾರ ಶೆಡ್ಡಿಗೆ ರಜೆ. ಅಣ್ಣ ವೆಲ್ಡಿಂಗಿನವನನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದ. ಬೋಲ್ಟುಗಳು ತುಕ್ಕು ಹಿಡಿದು ತಿರುಗದೆ ಗ್ರೈಂಡರಿನಲ್ಲಿ ಕತ್ತರಿಸಬೇಕಾಯಿತು. ಹಳೆಯ ನೆತ್ತಿ ತಗಡುಗಳನ್ನು ಒಂದೊಂದಾಗಿ ಇಳಿಸಿದಂತೆ ಶೆಡ್ಡಿನ ಉದ್ದಕ್ಕೂ ನೆಲದ ಮೇಲೆ ಒಂದು ಬಿಸಿಲಿನ ಗೆರೆ ಬೆಳೆಯುತ್ತಾ ಹೋಯಿತು. ಗೋಡೆಗಳು ಅಷ್ಟು ಕಪ್ಪಾಗಿದ್ದವೆಂದು ನಮಗೆ ಗೊತ್ತಾದದ್ದೇ ಆಗ. ಮಾವ ಮಸೀದಿಯಿಂದ ಬರುವ ಹೊತ್ತಿಗೆ ಮುಚ್ಚಳ ನಿಲ್ಲಿಸಲು ಕಬ್ಬಿಣದ ಕಾಲುಗಳನ್ನು ಬೆಸೆದು ಆಗಿತ್ತು. ಸಂಜೆಗೆ ಜಾಲರಿ ಬಿಗಿದು ಹೊಸ ಮುಚ್ಚಳ ಕೂರಿಸಿದರು. ಹೊರಗಿನಿಂದ ನೋಡಿದರೆ ಶೆಡ್ಡು ಟೋಪಿ ಹಾಕಿಕೊಂಡ ಹಾಗಿತ್ತು.

ಶನಿವಾರ ಬಾಯ್ಲರ್ ಹಚ್ಚಿದೆವು. ಅಣ್ಣ ರಾತ್ರಿ ನಮ್ಮಲ್ಲೇ ಉಳಿದಿದ್ದ. ಎಲ್ಲರೂ ಮೇಲೆ ನೋಡುತ್ತಾ ನಿಂತೆವು. ಹಬೆ ಎದ್ದಿತು, ನೆತ್ತಿಯವರೆಗೆ ಹೋಯಿತು. ಒಂದಿಷ್ಟು ಹೊರಗೆ ಜಾರಿತು, ಮಿಕ್ಕದ್ದು ಮೊದಲಿನ ಹಾಗೆ ಶೀಟಿನ ಕೆಳಗೇ ತೂಗಾಡಿತು.

"ನೋಡಿದ್ಯಾ ಬೇಟಾ?" ಎಂದರು ಮಾವ. ಅಣ್ಣ ಕಿಂಡಿಗಳ ಕಡೆ ಕೈ ತೋರಿಸಿದ. ಮಾವ ಅಡ್ಡಡ್ಡ ತಲೆಯಾಡಿಸಿದರು. "ಎಳೆ ತುಂಡಾಗುತ್ತೆ. ಬೇಡ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಆಗ ಒಳಗೆ ಬಂದರು. ಹೊಸ ಸೊಸೆಯಾಗಿ ಈ ಮನೆಗೆ ಬಂದ ಕಾಲದಲ್ಲಿ ಅವರೂ ಇದೇ ಶೆಡ್ಡಿನಲ್ಲಿ ರೇಷ್ಮೆ ಬಿಚ್ಚಿದವರು. ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಬಿಟ್ಟು ಅಡುಗೆಮನೆ ಹಿಡಿದಿದ್ದರು. ಗೋಡೆಯ ಬುಡದಲ್ಲಿ ಬಗ್ಗಿ ಮೊದಲ ಚೀಲ ಎಳೆದರು. ಧೂಳು, ಜೇಡರ ಬಲೆ ಎಲ್ಲ ಸೀರೆಗೆ ಮೆತ್ತಿಕೊಂಡಿತು. ಆಮೇಲೆ ಎರಡನೆಯದು. ನಾನೂ ಹೋಗಿ ಎಳೆಯತೊಡಗಿದೆ.

"ತುಂಡಾದ್ರೆ?" ಎಂದರು ಮಾವ.

"ತುಂಡಾದ್ರೆ ನಾನು ಸೇರಿಸ್ತೀನಿ."

ಹಾಗೆಂದ ಅತ್ತೆ ಕೈ ತೊಳೆದು ಬಾಗಿಲಿನಿಂದ ದೂರದ ಆ ಬೇಸಿನ್ ಮುಂದೆ ಕೂತರು. ಅಂದು ಕುಸಿದಿದ್ದ ಹೆಂಗಸು ಗಾಬರಿಯಿಂದ ಪಕ್ಕಕ್ಕೆ ಸರಿದಳು. ಎಳೆ ತುಂಡಾಯಿತು, ಅತ್ತೆ ಸೇರಿಸಿದರು. ಮತ್ತೆ ತುಂಡಾಯಿತು, ಮತ್ತೆ ಸೇರಿಸಿದರು. ಆಮೇಲೆ ರಾಟೆ ತಡೆಯಿಲ್ಲದೆ ತಿರುಗಿತು. ನನ್ನ ಕಾಲಿಗೆ ತಣ್ಣಗೆ ಏನೋ ಸೋಕಿದಂತಾಯಿತು. ಕಿಂಡಿಯಿಂದ ಬರುತ್ತಿದ್ದ ಗಾಳಿ ನೆಲ ಹಿಡಿದುಕೊಂಡೇ ಹರಿಯುತ್ತಿತ್ತು. ಮೇಲೆ ನೋಡಿದರೆ ಹಬೆ ನೆಟ್ಟಗೆ ಏರಿ, ಜಾಲರಿಯಲ್ಲಿ ಹರಡಿ, ಇಲ್ಲವಾಗುತ್ತಿತ್ತು. ಎದುರುಗೋಡೆ ಈ ತುದಿಯಿಂದಲೇ ಕಾಣುತ್ತಿತ್ತು.

ಅತ್ತೆ ರಾಟೆಯಿಂದ ಕಣ್ಣು ತೆಗೆಯದೆ ಹೇಳಿದರು: "ನಾನು ಇಲ್ಲಿ ಕೂತಿದ್ದಾಗ ಯಾರಿಗೂ ಇದು ಹೊಳೀಲಿಲ್ಲ."

ಮಾವ ಕೆಳಗೆ ಬಿದ್ದಿದ್ದ ಗೋಣಿಚೀಲಗಳನ್ನು ಒಂದೊಂದಾಗಿ ಮಡಿಸಿ ಹೊರಗೆ ಒಯ್ದರು.

ಅಣ್ಣ ಸಾಮಾನು ಗಾಡಿಗೆ ಹಾಕುತ್ತಿದ್ದಾಗ ಅವರು ಅವನ ಹತ್ತಿರ ಹೋಗಿ ನಿಂತರು. ನಾನು ಚಹಾ ಲೋಟಗಳನ್ನು ತೆಗೆದುಕೊಳ್ಳುತ್ತಾ ಅಲ್ಲೇ ಇದ್ದೆ. ಮಾವ ಶೆಡ್ಡಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ನಮ್ಮ ಅಡುಗೆಮನೆಗೂ ಶೀಟೇ ಅಲ್ವಾ ಬೇಟಾ? ಅದರ ಮೇಲೂ ಇಂಥದ್ದೊಂದು ಕೂರಿಸಕ್ಕಾಗುತ್ತಾ?"