ಗುರುವಾರ ಎಂದು ಬರೆದವನು

ಅಕ್ಕಾ, ಆ ಪತ್ರದಲ್ಲಿ ವಾರ ತಪ್ಪಾದದ್ದು ಮರೆವಿನಿಂದಲ್ಲ. ನನ್ನ ಮಗಳಿಗೆ ಹೆಸರಿಡುವುದು ಮಂಗಳವಾರ ಎಂದು ಚೆನ್ನಾಗಿ ಗೊತ್ತಿದ್ದೇ ನಿನಗೆ ಗುರುವಾರ ಎಂದು ಬರೆದೆ. ಬೈಲಹೊಂಗಲದ ನನ್ನ ಮಾವನ ಮನೆಯಲ್ಲಿ, ಅಷ್ಟು ಜನರೆದುರು, ಸಣ್ಣಂದಿನಲ್ಲಿ ಎಣ್ಣೆಯ ಬಾಣಲಿ ಮಗುಚಿ ಸುಟ್ಟ ನಿನ್ನ ಮುಖ ತೊಟ್ಟಿಲ ಮೇಲೆ ಬಾಗುವುದು ನನಗೆ ಬೇಡವಾಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ನನಗೇ ನಾಚಿಕೆ.

ಆ ವಾರ ನಾನು ಓದುತ್ತಿದ್ದದ್ದು ಏನೆಂದು ಹೇಳಿದರೆ ನಗುತ್ತೀ. ಕಿತ್ತೂರಿನ ಗೆಳೆಯ ಕೊಟ್ಟ ಹಳೆಯ ಇಂಗ್ಲಿಷ್ ಕಾದಂಬರಿ. ಬಹಳ ಓದಿದವನೊಬ್ಬ ಹೆಣಗಳ ಕೈಕಾಲು ಜೋಡಿಸಿ ಒಂದು ಜೀವ ಮಾಡುತ್ತಾನೆ. ಅದು ಕಣ್ಣು ಬಿಟ್ಟದ್ದೇ ತಡ, ಹೆದರಿ ಓಡಿಹೋಗುತ್ತಾನೆ. ಒಂದು ಹೆಸರನ್ನೂ ಇಡುವುದಿಲ್ಲ, ಪುಣ್ಯಾತ್ಮ! ಆ ಜೀವ ಗೋಡೆಯ ಸಂದಿಯಿಂದ ಒಂದು ಮನೆಯವರನ್ನು ನೋಡಿ ನೋಡಿ ಮಾತು ಕಲಿಯುತ್ತದೆ, ಅವರಿಗೆ ಗೊತ್ತಾಗದಂತೆ ಕಟ್ಟಿಗೆ ತಂದಿಡುತ್ತದೆ. ಧೈರ್ಯ ಮಾಡಿ ಒಳಗೆ ಹೋದರೆ ಕುರುಡ ಮುದುಕನೊಬ್ಬ ಪ್ರೀತಿಯಿಂದ ಮಾತಾಡಿಸುತ್ತಾನೆ. ಕಣ್ಣಿದ್ದವರು ಬಂದು ಬಡಿಯುತ್ತಾರೆ. ಅಲ್ಲಿ ನಾನು ಅತ್ತುಬಿಟ್ಟೆ, ಅಕ್ಕಾ. ಅದನ್ನು ಮಾಡಿದವನಿಗೆ ಬಾಯಿಗೆ ಬಂದಂತೆ ಬೈದೆ. ಕಣ್ಣೊರೆಸಿಕೊಂಡು, ಅದೇ ಮೇಜಿನ ಮೇಲೆ ನಿನಗೆ ಗುರುವಾರ ಬಾ ಎಂದು ಪತ್ರ ಬರೆದೆ.

ಗುರುವಾರ ಮಧ್ಯಾಹ್ನ ರಾಮದುರ್ಗದ ಬಸ್ಸಿಳಿದು ಬಂದೆ ನೀನು. ಕೈಯಲ್ಲಿ ಕೂಸಿನ ತಲೆಗೆಂದು ನೀನೇ ಹೊಲಿದ ಖಣದ ಕುಂಚಿಗೆ, ಡಬ್ಬಿಯ ತುಂಬ ಹೋಳಿಗೆ. ದೂರದ ಸಂಬಂಧದ ತಂಗಿಯೊಬ್ಬಳು ಸೋದರತ್ತೆಯ ಜಾಗದಲ್ಲಿ ಕುಳಿತು ಸರೋಜಿನಿ ಎಂದು ಹೆಸರಿಟ್ಟು ಎರಡು ದಿನವಾಗಿತ್ತು. ನಾನು ತೊದಲಿದೆ: ವಾರ... ಬರೆಯುವಾಗ... ನೀನು ಪೂರ್ತಿ ಕೇಳಲೂ ಇಲ್ಲ.

“ಆತು ಬಿಡೋ ತಮ್ಮಾ, ಕೂಸಿಗೆ ಎರಡ ಹೆಸರಾಗ್ಲಿ. ತಾ ಇಲ್ಲೆ.”

ನೀನು ಕೂಸನ್ನು ಎತ್ತಿಕೊಂಡು ಕಿವಿಯಲ್ಲಿ ‘ಕುರ್‌ರ್...’ ಎಂದು ಬಂಗಾರೆವ್ವ ಎಂದೆ. ಕೂಸು ಅಳಲಿಲ್ಲ; ನಿನ್ನ ಬೆರಳು ಹಿಡಿದದ್ದು ಬಿಡಲೂ ಇಲ್ಲ. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದಬೇಕಲ್ಲ? ಅವರೆಲ್ಲ ಮಂಗಳವಾರವೇ ಉಂಡು ಹೋಗಿದ್ದರು.

“ಬೆನ್ನಿಗೆ ಗುದ್ದಾಕ ಯಾರೂ ಇಲ್ಲಲ್ಲೋ. ನೀನ ಗುದ್ದು, ಜೋರಲೆ ಗುದ್ದು!”

ಗುದ್ದಿದೆ. ನೀನು ನಕ್ಕೆ, ಬಾಣಂತಿ ನಕ್ಕಳು, ಖಾಲಿ ಪಡಸಾಲೆಯೂ ನಕ್ಕಿತು. ಮಂಗಳವಾರವೂ ಆ ಮನೆ ಅಷ್ಟು ಸಂತೋಷ ಕಂಡಿರಲಿಲ್ಲ. ಆದರೆ ಗುದ್ದಿದ ಆ ಕೈ ನನ್ನದು — ನಿನ್ನನ್ನು ಹೊರಗಿಟ್ಟ ಕೈ.

ಆಮೇಲೆ ಆದದ್ದು ನಿನಗೆ ಗೊತ್ತೇ ಇದೆ. ಸರೋಜಿನಿ ಶಾಲೆಯ ಪುಸ್ತಕದಲ್ಲಷ್ಟೇ ಉಳಿದಳು. ಮನೆಯಲ್ಲಿ, ಓಣಿಯಲ್ಲಿ ಓಡಾಡಿದವಳು ಬಂಗಾರೆವ್ವ. ನೀನು ಬಂದರೆ ನಮ್ಮ ಮನೆಗೆ ಹಬ್ಬ. ವಾರದ ಮಾತು ತೆಗೆದು ಯಾರಾದರೂ ಚೇಷ್ಟೆ ಮಾಡಿದರೆ ನೀನೇ ಅಡ್ಡ ಬರುತ್ತಿದ್ದೆ: “ನಮ್ಮ ತಮ್ಮಗ ಪುಸ್ತಕ ಹಿಡದ್ರ ವಾರ ಗೊತ್ತಾಗೂದಿಲ್ರಿ.” ಎಲ್ಲರೂ ನಗುತ್ತಿದ್ದರು. ಇಷ್ಟು ವರ್ಷ ನಾನೂ ನಕ್ಕೆ. ಅದು ನನ್ನ ಎರಡನೆಯ ತಪ್ಪು.

ಮೊನ್ನೆ ಆ ಪುಸ್ತಕ ಮತ್ತೆ ಓದಿದೆ. ಆ ಜೀವದ ಪರವಾಗಿ ಅತ್ತವನು ನಾನು ಎಂದು ಬೀಗಿದ್ದೆ. ಕಥೆಯಲ್ಲಿ ನನ್ನ ಪಾಲು ಓಡಿಹೋದವನದು. ನೀನಾದರೋ ಆ ಜೀವವೂ ಅಲ್ಲ. ಅದು ಸಿಟ್ಟಾಗಿ ಸೇಡು ತೀರಿಸಿಕೊಂಡಿತು. ನೀನು ಹೋಳಿಗೆ ಹಂಚಿದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ರವಿವಾರ ಬಂಗಾರೆವ್ವನನ್ನೂ ಕರೆದುಕೊಂಡು ರಾಮದುರ್ಗಕ್ಕೆ ಬಂದು, ಅವಳೆದುರೇ, ನಾನೇ ಓದಿ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಏನೆಂದು ಕರೆದರೂ — ಓಗೊಡುತ್ತೇನೆ.