ಚಕ್ಕೋತ ಮರಕ್ಕೆ ಕಟ್ಟಿದ್ದ ಹಾಲಿನ ಕವರ್

ಒಂದು ಖಾಲಿ ಹಾಲಿನ ಕವರ್ ಕಿತ್ತುಹಾಕಿದ್ದಕ್ಕೆ ನಿಮಗೆ ಎಂದಾದರೂ ಒಂದು ವಾರ ಊಟ ರುಚಿಸದೆ ಹೋಗಿದೆಯೇ? ನನಗೆ ಹೋಗಿತ್ತು.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ. ಬಸವನಗುಡಿಯಲ್ಲಿ ದೊಡ್ಡ ಸಾಹಿತಿಯೊಬ್ಬರ ತೋಟವಿದೆ. (ಹೆಸರು ಬರೆಯುವುದಿಲ್ಲ. ಈ ಕತೆಯಲ್ಲಿ ತಪ್ಪು ಮಾಡಿದವನು ನಾನು, ಅವರನ್ನು ಯಾಕೆ ಎಳೆದು ತರಲಿ?) ಅವರು ಕೊಂಡಾಗ ಅದು ಊರಾಚೆಯ ತೋಟ. ಎರಡು ಹಸು, ಒಂದು ಬಾವಿ, ತೊಂಡೆ ಚಪ್ಪರ, ಸಾಲಾಗಿ ಹಣ್ಣಿನ ಮರಗಳು. ಆಮೇಲೆ ಊರೇ ತೋಟದ ಹತ್ತಿರಕ್ಕೆ ನಡೆದು ಬಂತು. ಈಗ ಉಳಿದಿರುವುದು ಒಂದೂವರೆ ಎಕರೆ. ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಒಂದು ಹೆಂಚಿನ ಮನೆ. ಅದನ್ನೆಲ್ಲ ಒಂದು ಸಮಿತಿ ಸ್ಮಾರಕ ಪಾರ್ಕ್ ಮಾಡಿ ಕಾಪಾಡಿಕೊಂಡಿದೆ. ಗೇಟಿನ ಪಕ್ಕ ಬೋರ್ಡು: 'ಮೂಲ ಸ್ಥಿತಿಯಲ್ಲಿ ಸಂರಕ್ಷಿಸಲಾಗಿದೆ. ಯಾವುದನ್ನೂ ಮುಟ್ಟಬಾರದು, ಕೀಳಬಾರದು, ನೆಡಬಾರದು.'

ಭಾನುವಾರ ನಾನು ಅಲ್ಲಿ ಗೈಡ್. ಸಂಬಳವಿಲ್ಲ, ಬ್ಯಾಡ್ಜ್ ಇದೆ. ಸಾಹಿತ್ಯವನ್ನು ನಾನು ಕಾಲೇಜಿನಲ್ಲಿ ಓದಿದವನಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕೂತು ಓದಿದ್ದೇ ನನ್ನ ಡಿಗ್ರಿ. ಆ ಸಾಹಿತಿಗಳ ಎಲ್ಲ ಪುಸ್ತಕ ಓದಿದ್ದೇನೆ, ಕೆಲವನ್ನು ಎರಡೆರಡು ಸಲ. ಅವರು ಯಾವ ಕಿಟಕಿಯ ಬಳಿ ಬರೆಯುತ್ತಿದ್ದರು, ಯಾವ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು, ಕೇಳಿ, ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಅದೇ ನನ್ನ ತೊಂದರೆ.

ಆ ಕಿಟಕಿಯ ಹೊರಗೊಂದು ಚಕ್ಕೋತ ಮರ. ಸಾಹಿತಿಗಳು ತಮ್ಮ ಕೈಯಾರೆ ನೆಟ್ಟಿದ್ದು. ಅವರು ನೆಟ್ಟ ಮರಗಳಲ್ಲಿ ಇನ್ನೂ ಉಳಿದಿದ್ದುದು ಅದೊಂದೇ.

ಆಗಸ್ಟ್ ತಿಂಗಳ ಒಂದು ಭಾನುವಾರ ಸ್ವಚ್ಛತಾ ಅಭಿಯಾನ ಮಾಡಿದೆವು. ಐಡಿಯಾ ನನ್ನದೇ. ಗ್ಲೌಸ್ ಹಾಕಿಕೊಂಡು ಚಕ್ಕೋತ ಮರದ ಹಿಂಬದಿಗೆ ಹೋಗುತ್ತೇನೆ, ಕೊಂಬೆಗೊಂದು ಹಾಲಿನ ಕವರ್ ಸುತ್ತಿಕೊಂಡಿದೆ. ಎರಡೂ ತುದಿಗೆ ದಾರ ಬೇರೆ.

"ನೋಡೋ ಮಗಾ, ಯಾರೋ ಹರಕೆ ಕಟ್ಟಿದಾರೆ," ಎಂದೆ, ಜೊತೆಗಿದ್ದ ಗೆಳೆಯ ಪ್ರವೀಣನಿಗೆ.

"ಹಾಲಿನ ಕವರ್‌ನಲ್ಲಿ ಯಾವ ದೇವರಿಗೋ ಹರಕೆ? ಬಿಟ್ಬಿಡು ಗುರು, ಏನೋ ಇರ್ಬೇಕು."

ನಾನು ಬಿಡುವವನೇ? ದಾರ ಕತ್ತರಿಸಿ ಕವರ್ ಎಳೆದೆ. ಒಳಗಿಂದ ಒದ್ದೆ ತೆಂಗಿನ ನಾರು ಉದುರಿತು. ನಾರಿನ ನಡುವೆ ಶ್ಯಾವಿಗೆಯ ಹಾಗೆ ಬೆಳ್ಳಗೆ ಏನೋ ಇತ್ತು.

ಬೇರು.

ಮರದ ಕೊಂಬೆಗೆ, ನೆಲದಿಂದ ಆರಡಿ ಮೇಲೆ, ಬೇರು! ಅದರಲ್ಲಿ ನಾಲ್ಕೈದು ನನ್ನ ಕೈಯಲ್ಲೇ ತುಂಡಾಗಿದ್ದವು.

ಅಷ್ಟರಲ್ಲಿ ಕೆಂಪಣ್ಣ ಬಂದರು. ಅವರು ತೋಟದ ಮಾಲಿ. ಸಾಹಿತಿಗಳಿದ್ದಾಗ ಕೆಲಸಕ್ಕೆ ಸೇರಿದವರು. ನನ್ನ ಕೈ ನೋಡಿದರು, ಕೊಂಬೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಎಂಥ ಕೆಲ್ಸ ಮಾಡಿದ್ರಿ ಸ್ವಾಮಿ. ಇನ್ನೊಂದು ಹದಿನೈದು ದಿನ ಬಿಟ್ಟಿದ್ರೆ ಬೇರು ಗಟ್ಟಿ ಆಗೋದು."

ಅದಕ್ಕೆ ಗೂಟಿ ಕಟ್ಟುವುದು ಎನ್ನುತ್ತಾರಂತೆ. ಕೊಂಬೆಯ ಸುತ್ತ ಬಳೆಯಷ್ಟಗಲ ತೊಗಟೆ ತೆಗೆದು, ಒದ್ದೆ ನಾರು ಸುತ್ತಿ ಕಟ್ಟಿದರೆ ಕೊಂಬೆಯೇ ಬೇರು ಬಿಡುತ್ತದೆ. ಆಮೇಲೆ ಕತ್ತರಿಸಿ ನೆಟ್ಟರಾಯಿತು.

"ಆದ್ರೆ ಯಾಕೆ ಕೆಂಪಣ್ಣ?" ಎಂದೆ.

"ಮರ ಹೋಗ್ತಾ ಇದೆಯಲ್ಲಪ್ಪ. ಮೇಲೆ ನೋಡಿದೀರಾ ಯಾವತ್ತಾದ್ರೂ?"

ನೋಡಿದೆ. ಅರ್ಧ ಮರ ಒಣಗಿತ್ತು. ತೊಗಟೆಯಿಂದ ಅಂಟು ಸೋರಿತ್ತು. ಒಂದು ಹಣ್ಣೂ ಇರಲಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಆ ಮರಕ್ಕೆ ಬೆನ್ನು ಹಾಕಿ ನಿಂತು, ಆ ಮರದ ಬಗ್ಗೆ ಹತ್ತು ಹತ್ತು ನಿಮಿಷ ಮಾತಾಡಿದ್ದೇನೆ. ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಇದಕ್ಕೇನು ಹೇಳುತ್ತೀರಿ?

ಮಳೆಗಾಲದ ಮೊದಲೇ ಕೆಂಪಣ್ಣ ಸಮಿತಿಯನ್ನು ಕೇಳಿದ್ದರಂತೆ. ಮೂಲ ಮರಕ್ಕೆ ಚಾಕು ತಗುಲಿಸಕೂಡದು ಎಂದಿದ್ದರಂತೆ ಅವರು. ಹಾಗಾಗಿ ಹಿಂಬದಿಯಲ್ಲಿ, ಗುಟ್ಟಾಗಿ, ಮೂರು ಗೂಟಿ ಕಟ್ಟಿದ್ದರು. ಎರಡು ಕೊಂಬೆ ಆಗಲೇ ಒಣಗಿದ್ದವು. ಉಳಿದಿದ್ದ ಒಂದಕ್ಕೆ ನಾನು ಸ್ವಚ್ಛತಾ ಅಭಿಯಾನ ಮಾಡಿದೆ.

"ವಾಪಸ್ ಕಟ್ಬಿಡೋಣ್ವಾ?"

"ಹರಿದಿರೋದನ್ನ ಏನ್ ಕಟ್ತೀರಾ? ಇರೋ ಬೇರಲ್ಲೇ ಬದುಕ್ಬೇಕು ಈಗ. ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ."

ಕೊಂಬೆ ಕತ್ತರಿಸಿದರು. ಅರ್ಧ ಎಲೆ ತೆಗೆದರು. ಕೆಮ್ಮಣ್ಣು, ಗೊಬ್ಬರ ತುಂಬಿದ ಒಂದು ಮಣ್ಣಿನ ಕುಂಡಕ್ಕಿಟ್ಟು, ಬಾವಿಕಟ್ಟೆಯ ನೆರಳಿಗೆ ಸಾಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ದಿನಾ ಬೆಳಿಗ್ಗೆ ಬಂದು ನೀರು ಚಿಮುಕಿಸ್ಬೇಕು. ಸುರೀಬಾರ್ದು, ಚಿಮುಕಿಸ್ಬೇಕು. ಆಗತ್ತಾ?" ಎಂದರು.

ಆಗುವುದಿಲ್ಲ ಎನ್ನುವ ಮುಖ ನನಗೆಲ್ಲಿತ್ತು?

ಚಾಮರಾಜಪೇಟೆಯ ಮನೆಯಿಂದ ಸೈಕಲ್‌ನಲ್ಲಿ ಬಸವನಗುಡಿಗೆ, ಅಲ್ಲಿಂದ ಅವೆನ್ಯೂ ರಸ್ತೆಗೆ. ದಿನಾ ಇದೇ ಆಯಿತು. ಮೊದಲ ವಾರ ಇದ್ದ ಎಲೆಯೆಲ್ಲ ಉದುರಿತು. ಕುಂಡದಲ್ಲಿ ಒಂದು ಕಡ್ಡಿ ಮಾತ್ರ. ಊಟ ರುಚಿಸದೆ ಹೋದದ್ದು ಆಗಲೇ.

"ಸತ್ತೋಯ್ತು ಅನ್ಸತ್ತೆ ಕೆಂಪಣ್ಣ."

"ಉಗುರಲ್ಲಿ ಒಂಚೂರು ಗೀರಿ ನೋಡಿ."

ಗೀರಿದೆ. ಒಳಗೆ ಹಸಿರಿತ್ತು.

"ಹಂಗಂತ ದಿನಾ ಗೀರ್ಬೇಡಿ ಮತ್ತೆ," ಎಂದು ನಕ್ಕರು. (ಮರುದಿನವೂ ಗೀರಬೇಕೆಂದಿದ್ದೆ, ನಿಜ.)

ಸೆಪ್ಟೆಂಬರ್ ಕೊನೆಗೆ ಚಿಗುರು ಬಂತು. ಅಷ್ಟು ಹೊತ್ತಿಗೆ ದೊಡ್ಡ ಮರ ಪೂರ್ತಿ ಒಣಗಿತ್ತು. ಸಮಿತಿ ಸಭೆ ಸೇರಿತು. ಒಬ್ಬರು, ಕಾಂಡಕ್ಕೆ ವಾರ್ನಿಷ್ ಹೊಡೆಸಿ ಸುತ್ತ ಗಾಜು ಹಾಕಿಸೋಣ ಎಂದರು. ಎಲ್ಲರೂ ತಲೆಯಾಡಿಸುತ್ತಿದ್ದಾಗ ಕೆಂಪಣ್ಣ ಕುಂಡ ತಂದು ಮೇಜಿನ ಮುಂದಿಟ್ಟರು.

ಸಮಿತಿಯ ಕಾರ್ಯದರ್ಶಿ ಸುಶೀಲಾ ಮೇಡಂ. ಲೆಕ್ಚರರ್ ಆಗಿ ರಿಟೈರ್ ಆದವರು, ಈಗಲೂ ಕನ್ನಡಕದ ಮೇಲಿಂದಲೇ ನೋಡುತ್ತಾರೆ. "ಇದೇನು ಕೆಂಪಣ್ಣ? ಹೊಸ ಗಿಡ ನೆಡೋ ಹಾಗಿಲ್ಲ ಅಂತ ಗೊತ್ತಿಲ್ವಾ?"

ಅವರ ನಿಯಮಕ್ಕೆ ನಗಬೇಡಿ. ಹಿಂದೊಮ್ಮೆ ಯಾರೋ ದಾನಿಗಳು ಬಾವಿಯ ಪಕ್ಕ ಸಿಮೆಂಟಿನ ಕೊಕ್ಕರೆ ನಿಲ್ಲಿಸಿ, ಸುತ್ತ ಬಣ್ಣದ ಕ್ರೋಟನ್ ನೆಟ್ಟಿದ್ದರು. ಅದನ್ನು ತೆಗೆಸಲು ಮೇಡಂ ಒಬ್ಬರೇ ಎರಡು ವರ್ಷ ಓಡಾಡಿದ್ದಾರೆ. ಬೋರ್ಡು ಬಂದದ್ದು ಆಮೇಲೆ.

"ಹೊಸದಲ್ಲ ತಾಯಿ. ಅದೇ ಮರ," ಎಂದರು ಕೆಂಪಣ್ಣ. "ಬೀಜದಿಂದ ಬಂದಿದ್ರೆ ಮಗು ಅಂತಿದ್ದೆ. ಇದು ಅದರದ್ದೇ ಕೈ."

"ಮೂಲ ಮರಕ್ಕೆ ಚಾಕು ಹಾಕಿದ್ಯಾರು?"

"ನಾನೇ."

ಮೂವತ್ತು ವರ್ಷಕ್ಕೂ ಮೇಲ್ಪಟ್ಟ ಕೆಲಸ ಆ ಒಂದು ಪದದ ಮೇಲೆ ನಿಂತಿತ್ತು. ನಾನು ಎದ್ದು ನಿಂತೆ. ಕವರ್ ಕಿತ್ತವನು ನಾನು, ಬೇರು ಹರಿದವನು ನಾನು, ಎರಡು ತಿಂಗಳಿಂದ ಎಲ್ಲ ಗೊತ್ತಿದ್ದೂ ಹೇಳದೆ ನೀರು ಹಾಕಿದವನೂ ನಾನೇ ಎಂದೆ. ಗೈಡ್ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟೆ. (ಯಾರೂ ಕೇಳಿರಲಿಲ್ಲ. ಆವೇಶ.)

ಮೇಡಂ ಬ್ಯಾಡ್ಜ್ ತೆಗೆದು ಡ್ರಾಯರಿಗೆ ಹಾಕಿದರು. "ಒಂದು ತಿಂಗಳು ನೀನು ಮಾತಾಡ್ಬೇಡ. ಕೆಂಪಣ್ಣ, ಇನ್ನೊಂದ್ಸಲ ಕೇಳ್ದೆ ಚಾಕು ಹಿಡೀಬೇಡಿ." ಆಮೇಲೆ ಗಿಡವನ್ನು ಬಹಳ ಹೊತ್ತು ನೋಡಿದರು. "ನೆಲದಲ್ಲಿ ನೆಡೋ ಹಾಗಿಲ್ಲ. ನಿಯಮ ನಿಯಮಾನೇ. ಕುಂಡ ಬೇಕಾದ್ರೆ ಕಿಟಕಿ ಹತ್ರ ಇಟ್ಕೊಳ್ಳಿ. ಕುಂಡ ಅಂದ್ರೆ ನೆಟ್ಟ ಹಾಗಲ್ಲ."

ನನಗೆ ನಿರಾಸೆಯಾಯಿತು. ಚಕ್ಕೋತದಂಥ ಮರ ಕುಂಡದಲ್ಲಿ ಎಷ್ಟು ದಿನ ಬದುಕೀತು? ಕೆಂಪಣ್ಣ ಮಾತ್ರ ಕೈಮುಗಿದು ಕುಂಡ ಎತ್ತಿಕೊಂಡು ಹೊರಟರು. ಆ ಮಧ್ಯಾಹ್ನ ಬಾವಿಕಟ್ಟೆಯ ಹಿಂದೆ ಸುತ್ತಿಗೆಯ ಸದ್ದು ಕೇಳಿತು. ಹೋಗಿ ನೋಡಿದರೆ, ಕುಂಡವನ್ನು ಅಡ್ಡ ಮಲಗಿಸಿಕೊಂಡು ಮೆಲ್ಲಗೆ, ಮಣ್ಣು ಉದುರದ ಹಾಗೆ, ತಳ ಒಡೆಯುತ್ತಿದ್ದರು.

"ಏನ್ ಕೆಂಪಣ್ಣ ಇದು?"

"ಕುಂಡ."

ಕಿಟಕಿಯ ಬಳಿ ನೆಲ ಅಗೆದು ಸಡಿಲ ಮಾಡಿದ್ದರು. ತಳವಿಲ್ಲದ ಕುಂಡವನ್ನು ಅದರ ಮೇಲೆ ಕೂರಿಸಿದರು.

ಈಗ ಅವರೆಕಾಯಿ ಸೀಸನ್. ಗಿಡ ನನ್ನ ಸೊಂಟದವರೆಗೆ ಬಂದಿದೆ. ಮೊನ್ನೆ ಮೇಡಂ ಬಂದಿದ್ದರು. ಕುಂಡ ಒಂಚೂರು ವಾಲಿದೆ ಅನ್ನಿಸಿತೇನೋ, ನೆಟ್ಟಗೆ ಮಾಡಲು ಎರಡು ಕೈಯಲ್ಲಿ ಹಿಡಿದು ತಳ್ಳಿದರು. ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದರು. ಕೆಂಪಣ್ಣ ಬಾವಿಯನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತ ನಿಂತಿದ್ದರು.

"ಭಾರ ಇದೆ ಅಲ್ವಾ ಕೆಂಪಣ್ಣ, ಕುಂಡ?"

"ಹೂಂ ತಾಯಿ. ಮಣ್ಣು ಒದ್ದೆ."

ಮೇಡಂ ಕೈ ಕೊಡವಿಕೊಂಡರು. ಒಂದು ಎಲೆ ಕಿತ್ತು (ಕೀಳಬಾರದು ಎಂದು ಬೋರ್ಡು ಬರೆಸಿದ ಅದೇ ಮೇಡಂ) ಉಜ್ಜಿ ಮೂಸಿ ನೋಡಿ ಹೊರಟುಹೋದರು.

ಇದನ್ನೆಲ್ಲ ಬರೆಯಲೇ ಎಂದು ಕೆಂಪಣ್ಣನವರನ್ನು ಕೇಳಿದೆ. "ಬರ್ಕೊಳ್ಳಿ. ಬೇರು ಇಳಿದಾಯ್ತಲ್ಲ," ಎಂದರು.

ಸಮಿತಿಯ ರಿಜಿಸ್ಟರಿನಲ್ಲಿ ಮೇಡಂ ಕೈಬರಹದಲ್ಲಿ ಈಗಲೂ ಹೀಗೇ ಇದೆ: 'ಚಕ್ಕೋತ ಕುಂಡ ಒಂದು. ಯಾವಾಗ ಬೇಕಾದರೂ ಎತ್ತಿ ಬೇರೆಡೆ ಇಡಬಹುದು.'